ಬೀಟೆ ದಿಮ್ಮಿಗೆ ಊರು ಹುಡುಕಿದ್ದು

ಮರದ ವ್ಯಾಪಾರಕ್ಕೆ ಇಳಿಯುವವರಿಗೆ ನಾನು ಮೊದಲು ಹೇಳುವುದು ಇಷ್ಟೇ: ಮರ ನೋಡಲು ಹೋದಾಗ ಮರದ ಕಡೆ ನೋಡಬೇಡಿ. ಮೆಣಸಿನ ಬಳ್ಳಿ ನೋಡಿ, ಕಾಫಿ ಹೂವು ಹೇಗೆ ಬಂತು ಕೇಳಿ, ಯಾರ ಮನೆಯಲ್ಲಿ ಮದುವೆ ಎಂದು ವಿಚಾರಿಸಿ. ಎದ್ದು ಹೊರಡುವಾಗ, ಚಪ್ಪಲಿ ಮೆಟ್ಟುತ್ತಾ, "ಆ ಮೂಲೆಯ ಮರ ಒಣಗ್ತಾ ಉಂಟಲ್ಲ" ಅನ್ನಿ. ಮರ ಒಣಗಿರಬೇಕೆಂದೇನೂ ಇಲ್ಲ. ಆ ಮಾತು ಕೇಳಿದ ಮೇಲೆ ಯಜಮಾನರಿಗೆ ಅದು ಒಣಗಿದ ಹಾಗೆಯೇ ಕಾಣಿಸತೊಡಗುತ್ತದೆ.

ಲಾರಿಗೆ ದಿಮ್ಮಿ ಹತ್ತಿಸುವ ಕೂಲಿಯಾಗಿ ಶುರುಮಾಡಿ ನೆಲ್ಯಹುದಿಕೇರಿಯಲ್ಲಿ ಸ್ವಂತ ಟಿಂಬರ್ ಯಾರ್ಡ್ ಹಾಕಿಕೊಂಡವನು ನಾನು. ಈ ದಂಧೆಯ ದೊಡ್ಡ ನೆಮ್ಮದಿ ಏನೆಂದರೆ ಕೊಯ್ದ ಮೇಲೆ ಮರಕ್ಕೆ ಊರಿಲ್ಲ. ನಿಂತಿರುವಾಗ ಅದು ಇಂಥವರ ತೋಟದ್ದು, ಇಂಥವರ ಬೇಲಿ ಪಕ್ಕದ್ದು. ಹಲಗೆಯಾದ ಮೇಲೆ ಬರೀ ಹಲಗೆ. ಆ ನೆಮ್ಮದಿಗೆ ಕಲ್ಲು ಹಾಕಲು ಬಂದವರು ಚಿಕ್ಕ ವಯಸ್ಸಿನ ಒಬ್ಬರು ವಿಜ್ಞಾನಿ ಮೇಡಂ.

ಯಾವುದೋ ಸಂಸ್ಥೆಯವರು. ಒಂದು ದಿನ ಜೀಪಿನಲ್ಲಿ ಬಂದು ನನ್ನ ಯಾರ್ಡಿನ ಮುಂದೆ ಇಳಿದರು. ಕೈಯಲ್ಲಿ ಪ್ಲಾಸ್ಟಿಕ್ ಚೀಲಗಳು, ಜೇಬಿನಲ್ಲಿ ಕತ್ತರಿ. ಬೀಟೆ ಮರಗಳ ಎಲೆ ಬೇಕು, ತೋಟದವರ ಪರಿಚಯ ಇರುವ ಯಾರಾದರೂ ಜೊತೆಗೆ ಬೇಕು ಅಂದರು. ನನ್ನನ್ನು 'ಸರ್' ಎಂದು ಕರೆದರು. ಅದುವರೆಗೆ ನನ್ನನ್ನು ಹಾಗೆ ಕರೆದದ್ದು ಬ್ಯಾಂಕಿನವರು ಮಾತ್ರ, ಅದೂ ಸಾಲ ಕೊಡುವ ಮೊದಲು. ಹೊರಟುಬಿಟ್ಟೆ.

ದಾರಿಯಲ್ಲಿ ಅವರು ವಿವರಿಸಿದರು. ಪ್ರತಿ ಮರದ ಒಳಗೂ ಅದರದೇ ಗುರುತು ಇರುತ್ತದಂತೆ. ಅಪ್ಪನಿಂದ ಅರ್ಧ, ಅಮ್ಮನಿಂದ ಅರ್ಧ. ಆ ಗುರುತುಗಳನ್ನು ಓದುವ ವಿಧಾನ ಕಟ್ಟಿಬಿಟ್ಟರೆ ಒಳ್ಳೆಯ ತಳಿ ಆರಿಸಿ ನೆಡಬಹುದು. ಕದ್ದ ದಿಮ್ಮಿ ಯಾವ ಮರದ್ದು ಎಂದೂ ಹೇಳಿಬಿಡಬಹುದು.

"ನಿಮ್ಮ ದಂಧೆಗೂ ಒಳ್ಳೇದೇ ಸರ್. ಪ್ರಾಮಾಣಿಕ ವ್ಯಾಪಾರಿಗಳಿಗೆ ಭಯ ಇರಲ್ಲ."

"ಅಂಥವರು ಸಿಕ್ರೆ ನಂಗೂ ತೋರಿಸಿ ಮೇಡಂ. ಕೈ ಮುಗೀತೇನೆ."

ಮೊದಲ ತೋಟದ ಯಜಮಾನರು ಕಾಫಿ ಕೊಟ್ಟು, ಬಿಸ್ಕತ್ತು ಕೊಟ್ಟು, "ಬೀಟೆಯಾ? ನಮ್ಮಲ್ಲಿ ಇಲ್ಲವೇ ಇಲ್ಲ" ಎಂದರು. ಹಾಗೆ ಹೇಳುವಾಗ ಅವರು ಒರಗಿ ನಿಂತದ್ದು ಇಬ್ಬರು ತಬ್ಬಿದರೂ ಕೈಗೆ ಸಿಗದಂಥ ಬೀಟೆಗೆ. ಮೇಡಂ ಒಮ್ಮೆ ಮರದ ತುದಿ ನೋಡಿದರು, ಒಮ್ಮೆ ನನ್ನ ಮುಖ ನೋಡಿದರು. ನಾನು ಬಿಸ್ಕತ್ತು ನೋಡುತ್ತಿದ್ದೆ. ಯಜಮಾನರದೂ ತಪ್ಪಲ್ಲ. ನಮ್ಮ ಜಿಲ್ಲೆಯಲ್ಲಿ ಯಾರಾದರೂ ಬಂದು ಮರ ಎಣಿಸಿ ಹೋದರೆ, ಹಿಂದೆಯೇ ಇನ್ಯಾರೋ ಬಂದು ಅದು ಯಾರದ್ದು ಎಂದು ಕೇಳುತ್ತಾರೆ.

ಆ ಕೇಳುವಿಕೆ ಏನೆಂದು ಹೊರಗಿನವರಿಗೆ ತಿಳಿಸಿಬಿಡುತ್ತೇನೆ, ಮುಂದಿನದೆಲ್ಲ ಅದರ ಮೇಲೆಯೇ ನಿಂತಿದೆ. ಹಿಂದಿನ ಕಾಲದಲ್ಲಿ ಇಲ್ಲಿ ಜಮೀನು ಕೊಡುವಾಗ ನೆಲ ನಿನ್ನದು, ಮರ ಸರ್ಕಾರದ್ದು ಎಂದು ಕೊಟ್ಟರು. ಮರದ ಬೆಲೆ ಕಟ್ಟಿದವರ ಜಾಗ ರಿಡೀಮ್ಡ್, ಅವರ ಮರ ಅವರದ್ದು. ಕಟ್ಟದವರದು ಅನ್‌ರಿಡೀಮ್ಡ್. ಅವರು ಕಾಫಿ ಕುಯ್ಯಬಹುದು, ಮೆಣಸು ಕುಯ್ಯಬಹುದು, ಬೀಟೆಯ ನೆರಳಲ್ಲಿ ಕೂತು ಊಟ ಮಾಡಬಹುದು. ಬೀಟೆ ಮಾತ್ರ ಸರ್ಕಾರದ್ದು. ತಲೆಮಾರುಗಳಿಂದ ಆ ಮರ ಕಾಯುವವರು ಇವರು, ಅದಕ್ಕೆ ಒಂದು ಚೊಂಬು ನೀರು ಹಾಕದವರು ಸರ್ಕಾರದವರು.

ಒಂದು ವಾರ ಅಲೆದ ಮೇಲೆ ಮೇಡಂಗೆ ಎಲೆ ಸಿಕ್ಕವು. ಅವರಿಗೆ ಬೇಜಾರು ಮಾತ್ರ ಹೋಗಲಿಲ್ಲ.

"ಸರ್, ನೆಟ್ಟಗೆ ಬೆಳೆದ ಮರ ಯಾಕೆ ಸಿಗ್ತಾ ಇಲ್ಲ? ಎಲ್ಲಾ ಸೊಟ್ಟ, ಕವಲು, ಪೊಟರೆ."

"ನೆಟ್ಟಗಿದ್ದದ್ದೆಲ್ಲ ನಾವು ಕೊಯ್ದಾಯ್ತಲ್ಲ ಮೇಡಂ. ಈಗ ನೀವು ನೋಡ್ತಾ ಇರೋದು ನಾನು ಬೇಡ ಅಂದು ಬಿಟ್ಟಿದ್ದು."

ಅವರು ನಗಲಿಲ್ಲ. ಪುಸ್ತಕದಲ್ಲಿ ಏನೋ ಬರೆದುಕೊಂಡರು. ನಾಲ್ಕು ತಲೆಮಾರಿನ ವ್ಯಾಪಾರಿಗಳು ಚೆನ್ನಾದ್ದನ್ನೆಲ್ಲ ಆರಿಸಿ ಕೊಯ್ದು, ಉಳಿದದ್ದರಲ್ಲಿ ಒಳ್ಳೆಯ ತಳಿ ಹುಡುಕಲು ವಿಜ್ಞಾನ ಬಂದಿದೆ ಎಂದರೆ, ನಮ್ಮ ಕಡೆಯ ಮದುವೆ ದಲ್ಲಾಳಿಗಳೇ ಎಷ್ಟೋ ವಾಸಿ.

ನಿಜವಾದ ವಿಷಯ ಶುರುವಾದದ್ದು ಆ ಮಳೆಗಾಲದಲ್ಲಿ. ಚೆಟ್ಟಳ್ಳಿ ಕಡೆ ನನಗೆ ಪರಿಚಯದ ಒಬ್ಬರು ಅಕ್ಕ ಇದ್ದಾರೆ. ಗಂಡ ತೀರಿದ ಮೇಲೆ ತೋಟ ಒಬ್ಬರೇ ನಡೆಸಿದವರು. ಅವರ ಒಂದು ಬೈಗುಳಕ್ಕೆ ಕೂಲಿ ಲೈನಿನ ಹೆಂಗಸರು ಎರಡು ಬೈಗುಳ ವಾಪಸು ಕೊಡುತ್ತಾರೆ, ಅದರ ಮೇಲೆ ಇಬ್ಬರೂ ಎಲೆಯಡಿಕೆ ಹಾಕುತ್ತಾರೆ. ಅಂಥ ಮನುಷ್ಯರು. ರಸ್ತೆ ಬದಿಗೆ ಹೊಸ ಮನೆ ಕಟ್ಟಿಸಿದ್ದರು. ಎಲ್ಲ ಮುಗಿದಿತ್ತು, ಮುಂಬಾಗಿಲು ಒಂದು ಬಿಟ್ಟು. ಅಲ್ಲಿಗೆ ಒಂದು ತೆಳ್ಳಗಿನ ಫ್ಲಶ್ ಡೋರ್ ಹಾಕಿ, ಬಂದವರಿಗೆಲ್ಲ "ಇದು ಸದ್ಯಕ್ಕೆ ಮಾರಾಯ. ಕೆಳಗಿನ ತೋಟದ ಬೀಟೆ ಉಂಟಲ್ಲ, ಅದು ಬಿದ್ದ ದಿನ ನಂಗೆ ಬಾಗಿಲು" ಅನ್ನುತ್ತಿದ್ದರು. ಆ ಮರ ನನಗೂ ಗೊತ್ತು. ಕಂಬದ ಹಾಗೆ ನೆಟ್ಟಗೆ, ಬೇಲಿಗೆ ಹತ್ತಿರ. ಎಷ್ಟೋ ಸಲ ಅದರ ಬುಡದಲ್ಲಿ ನಿಂತು ಮೆಣಸಿನ ಬಳ್ಳಿ ನೋಡಿದ್ದೇನೆ.

ಅಕ್ಕ ಮೈಸೂರಿಗೆ ಕಣ್ಣಿನ ಆಪರೇಷನ್‌ಗೆ ಹೋದಾಗ ಆ ಮರ ಹೋಯಿತು. ಕಕ್ಕಡ ತಿಂಗಳ ಜಡಿಮಳೆ, ಶೀಟಿನ ಮೇಲೆ ಅದರ ಸದ್ದು. ಗರಗಸದ ಮೆಷಿನ್ ಪಕ್ಕದಲ್ಲೇ ಓಡಿದರೂ ಕೇಳದು. ಕಪ್ಪು ಕನ್ನಡಕ ಹಾಕಿಕೊಂಡು ಬಂದ ಅಕ್ಕನಿಗೆ ಮರ ಇದ್ದ ಜಾಗದಲ್ಲಿ ಆಕಾಶ ಕಂಡಿತು. ಬೇಲಿಯಾಚೆ ಒಬ್ಬ ಸಾಮಿಲ್ ಯಜಮಾನನ ತೋಟ. ಅವನು ಕೊಡೆ ಹಿಡಿದು ನಿಂತಿದ್ದ.

"ಇಲ್ಲಿದ್ದ ಮರ ಎಲ್ಲಿ?" ಎಂದು ಅಕ್ಕ ಕೇಳಿದರು.

"ಕನ್ನಡಕ ಹೊಸತಲ್ವಾ ಅಕ್ಕ. ಸ್ವಲ್ಪ ದಿನ ಹಾಗೇ ಕಾಣೋದು."

ಈ ಮಾತನ್ನು ಅಕ್ಕ ಆಮೇಲೆ ನನಗೆ ಎಷ್ಟು ಸಲ ಹೇಳಿದರೋ. ಮರ ಕದ್ದದ್ದಕ್ಕಿಂತ ಈ ಮಾತಿಗೇ ಅವರಿಗೆ ಹೆಚ್ಚು ಉರಿ. ಆದರೂ ದೂರು ಕೊಡಲಿಲ್ಲ. ಕೊಟ್ಟರೆ ಫಾರೆಸ್ಟಿನವರು ತೋಟದೊಳಗೆ ಕಾಲಿಡುತ್ತಾರೆ ಎಂಬ ಹೆದರಿಕೆ. ಕಳ್ಳ ಒಮ್ಮೆ ಬಂದು ಹೋಗುತ್ತಾನೆ, ಅವರು ಬಂದರೆ ಬರುತ್ತಲೇ ಇರುತ್ತಾರೆ.

ಮಳೆ ನಿಂತ ಮೇಲೆ ಕೇರಳ ಗಡಿಯ ಮಾಕುಟ್ಟದ ಚೆಕ್‌ಪೋಸ್ಟಿನಲ್ಲಿ ಮಿಲ್ಲಿನವನ ಲಾರಿ ನಿಂತಿತು. ಅವನ ರಿಡೀಮ್ಡ್ ಜಾಗದ ಬೀಟೆಗೆ ಪರವಾನಗಿ ಇತ್ತು, ಪಾಸೂ ಇತ್ತು. ದಿಮ್ಮಿ ಮಾತ್ರ ಪಾಸಿನಲ್ಲಿ ಬರೆದದ್ದಕ್ಕಿಂತ ಒಂದು ಹೆಚ್ಚಿತ್ತು. ನನ್ನ ಲಾರಿ ಅವನದರ ಹಿಂದೆಯೇ ಸಾಲಿನಲ್ಲಿತ್ತು. ಡ್ರೈವರ್ ಫೋನ್ ಮಾಡಿ, "ಹೊರಗಿನ ಬಿಳಿ ಸಹ ಕೆತ್ತಿಲ್ಲ ಅಣ್ಣಾ, ಅವಸರದಲ್ಲಿ ಹಾಕಿದ ಹಾಗೆ ಉಂಟು" ಎಂದ. ನಾನು ಅಕ್ಕನಿಗೆ ಫೋನ್ ಮಾಡಿದೆ. ಮನುಷ್ಯನಿಗೆ ನ್ಯಾಯದ ಮೇಲೆ ಸ್ವಲ್ಪವಾದರೂ ಪ್ರೀತಿ ಇರಬೇಕು. ಮಿಲ್ಲಿನವನು ನನಗೂ ಎರಡು ವ್ಯಾಪಾರ ಕೆಡಿಸಿದ್ದ.

ಕನ್ನಡಕದ ಮಾತಿನ ಉರಿಯಲ್ಲಿ ಫಾರೆಸ್ಟಿನವರ ಹೆದರಿಕೆ ಮರೆತು, ರೇಂಜರ್ ಆಫೀಸಿನಲ್ಲಿ ಅಕ್ಕ ದಿಮ್ಮಿಯ ಮೇಲೆ ಕೈಯಿಟ್ಟು ನಿಂತರು. "ಇದು ನಂದು. ಸೊಂಟದ ಎತ್ತರದಲ್ಲಿ ಈ ಗಂಟು ನೋಡಿ. ನಮ್ಮ ಏಣಿ ಇಲ್ಲೇ ಒರಗೋದು."

"ಗಂಟು ಇಲ್ಲದ ಮರ ಯಾವುದುಂಟು ಸಾರ್?" ಎಂದ ಮಿಲ್ಲಿನವನು. "ನಂದೇ ಜಾಗದ್ದು. ಅಳತೆ ಬರಿಯೋವಾಗ ಒಂದು ಬಿಟ್ಟುಹೋಯ್ತು. ದಂಡ ಕಟ್ತೇನೆ."

ರೇಂಜರ್ ಸಾಹೇಬರಿಗೆ ಇಬ್ಬರೂ ಬೇಕಾದವರು. ಎಲೆ ಹುಡುಕುವ ಮೊದಲು ಆಫೀಸಿಗೆ ಬಂದು ಹೋಗಿದ್ದ ಮೇಡಂ ಅವರಿಗೆ ನೆನಪಾದರು. ಹೊಸ ವಿಧಾನವನ್ನು ಎಲ್ಲಾದರೂ ಪ್ರಯೋಗ ಮಾಡಬೇಕೆಂದು ಮೇಡಂಗೂ ಆಸೆಯಿತ್ತು. ಯಾರ ಮುಖವನ್ನೂ ಮುರಿಯದೆ ನ್ಯಾಯ ಹೇಳಲು ಯಂತ್ರದಷ್ಟು ಅನುಕೂಲದ್ದು ಬೇರೆ ಇಲ್ಲ.

ಮೇಡಂ ಬಂದು ದಿಮ್ಮಿಯ ಹೊರಗಿನ ಬಿಳಿಯಿಂದ ಒಂದು ಚಕ್ಕೆ ಎಬ್ಬಿಸಿದರು. ಬೀಟೆಯಲ್ಲಿ ಒಳಗಿನ ಕಪ್ಪು ಚೇಗಿಗೆ ಬೆಲೆ. ಹೊರಗಿನ ಬಿಳಿ ಹುಳ ತಿನ್ನುವ ಭಾಗ, ನಾವು ಕೆತ್ತಿ ಬಿಸಾಡುತ್ತೇವೆ. ಮೇಡಂ ಅದನ್ನೇ ಬಂಗಾರದ ಚೂರಿನ ಹಾಗೆ ಚೀಲಕ್ಕೆ ಹಾಕಿಕೊಂಡರು.

"ಚೇಗು ಸತ್ತ ಭಾಗ ಸರ್. ಓದೋಕೆ ಕಷ್ಟ. ಇದು ಕೊನೇವರೆಗೂ ಜೀವ ಇದ್ದದ್ದು."

ನಾನು ಇಷ್ಟು ವರ್ಷ ಸತ್ತದ್ದನ್ನು ಮಾರಿ, ಜೀವ ಇದ್ದದ್ದನ್ನು ಒಲೆಗೆ ಹಾಕುತ್ತಿದ್ದೆನಂತೆ. ಇರಲಿ. ಬಾಗಿಲು ಮಾಡಿಸುವವರು ಯಾರೂ ಜೀವ ಕೇಳುವುದಿಲ್ಲ.

"ಈಗ ಬುಡ ತೋರಿಸಿ," ಎಂದರು ಮೇಡಂ. "ಕೊಯ್ದ ಬುಡದ ಚೂರಿಗೂ ಇದಕ್ಕೂ ತಾಳೆ ಆದ್ರೆ ಮುಗೀತು."

ಅಕ್ಕ ಜೀಪಿನಲ್ಲಿ ನಮ್ಮನ್ನೆಲ್ಲ ಕರೆದುಕೊಂಡು ಹೋದರು. ಮರ ಇದ್ದ ಜಾಗದಲ್ಲಿ ಅಂದವಾದ ಒಂದು ರೋಬಸ್ಟಾ ಗಿಡ. ಸುತ್ತ ಸುಣ್ಣ, ಬುಡಕ್ಕೆ ಒಣಗಿದ ಎಲೆಯ ಹೊದಿಕೆ.

"ಬುಡ ಎಲ್ಲಿ ಅಮ್ಮಾ?"

"ಕೀಳಿಸಿದೆ. ಬೇರು ಸಮೇತ. ಮಳೆ ಬಿಟ್ಟ ಕೂಡ್ಲೆ ಸುಟ್ಟೂ ಬಿಟ್ಟೆ."

"ಸುಟ್ರಾ!"

"ಸುಡದೆ ಮತ್ತೆಂತ? ನೆರಳಿನ ಮರ ಕೊಯ್ದು ಬುಡ ಬಿಟ್ರೆ ಬೇರು ಕೊಳೆರೋಗ ಬಂದು ಸುತ್ತಿನ ಕಾಫಿಯೆಲ್ಲ ಸಾಯ್ತದೆ. ನಿಮ್ಮಂಥ ಓದಿದೋರೇ ಬಂದು ಹೇಳಿಕೊಟ್ಟದ್ದು, ಬುಡ ಕೀಳಿ, ಸುಡಿ, ಸುಣ್ಣ ಹಾಕಿ ಅಂತ. ನಾನು ಸುಣ್ಣ ಎರಡು ಬುಟ್ಟಿ ಜಾಸ್ತಿಯೇ ಹಾಕ್ಸಿದ್ದು."

ನಮ್ಮ ಕಾಫಿಯವರ ಜಾತಿಯೇ ಹೀಗೆ. ಮನೆ ಕಳ್ಳತನವಾದರೆ ಪೊಲೀಸರು ಬರುವ ಮೊದಲು ಯಾರೂ ಕಸ ಗುಡಿಸುವುದಿಲ್ಲ. ಮರ ಕಳ್ಳತನವಾದರೆ ಮಾತ್ರ ಮೊದಲು ಗಿಡದ ಆರೋಗ್ಯ. ಕಳ್ಳನಿಗೆ ಅಷ್ಟು ಚೊಕ್ಕಟವಾಗಿ ಸಾಕ್ಷಿ ಅಳಿಸಲು ಬರುತ್ತಿರಲಿಲ್ಲ. ಬೇಲಿಯಾಚೆ ಮಿಲ್ಲಿನವನು ಕೆಮ್ಮಿದ. ಆ ಕೆಮ್ಮಿನಲ್ಲಿ ನಗು ಇತ್ತು.

ಮೇಡಂ ನೆಲ ನೋಡುತ್ತಾ ಕಾಫಿ ಸಾಲಿನೊಳಗೆ ಬಗ್ಗಿ ನಡೆದರು. ನಾಲ್ಕು ಗಿಡ ದಾಟಿ ಕೂತುಬಿಟ್ಟರು. ನೆಲದಿಂದ ಮೊಣಕಾಲೆತ್ತರಕ್ಕೆ ಒಂದು ಚಿಗುರು, ದುಂಡು ದುಂಡು ಎಲೆ. ಬೀಟೆಯ ಬೇರು ದೂರ ಹರಿಯುತ್ತದೆ. ತಾಯಿಮರ ಹೋದ ಮೇಲೆ ಅಲ್ಲಿಂದಲೇ ಚಿಗುರೊಡೆಯುತ್ತದೆ. ಮಣ್ಣು ಕೆದಕಿ ನೋಡಿದರೆ ಬೀಜದ ಸಸಿಯಲ್ಲ, ಹಳೆಯ ದಪ್ಪ ಬೇರಿಗೇ ಅಂಟಿತ್ತು.

"ಇದು ಮಗು ಅಲ್ಲ ಅಮ್ಮಾ, ಅದೇ ಮರ. ಒಳಗಿನ ಗುರುತು ಒಂದು ಚೂರೂ ವ್ಯತ್ಯಾಸ ಇರಲ್ಲ."

ಬೇಲಿಯಾಚೆಯ ಕೆಮ್ಮು ನಿಂತಿತು. ಅಕ್ಕ ಕಪ್ಪು ಕನ್ನಡಕ ತೆಗೆದು ಆ ಕಡೆಗೊಮ್ಮೆ ನೋಡಿದರು. "ಈಗ ಚೆಂದ ಕಾಣ್ತಾ ಉಂಟು ಮಾರಾಯ!"

ಅವತ್ತು ಸಂಜೆಯೇ ಮಿಲ್ಲಿನವನು ನನ್ನ ಯಾರ್ಡಿಗೆ ಬಂದ. ಹೆದರಿದವನ ಜೊತೆ ಚೌಕಾಸಿ ಮಾಡುವ ಸುಖವೇ ಬೇರೆ. ಅರ್ಧ ಗಂಟೆಯಲ್ಲಿ ಮಾತು ಇಲ್ಲಿಗೆ ಬಂತು: ಅಕ್ಕ ದಿಮ್ಮಿ ತನ್ನದೆನ್ನುವುದನ್ನು ಬಿಡಬೇಕು, ಅವನು ದಂಡ ಕಟ್ಟಿ ದಿಮ್ಮಿ ಬಿಡಿಸಿಕೊಂಡು, ತನ್ನ ಮಿಲ್ಲಿನಲ್ಲೇ ಕೊಯ್ದು ಬಾಗಿಲು, ಅದರ ಚೌಕಟ್ಟಿನ ದಾರಂದ ಎಲ್ಲ ಮಾಡಿಸಿ ಕೊಡಬೇಕು. ಇದನ್ನು ಹಿಡಿದುಕೊಂಡು ಅಕ್ಕನ ಹತ್ತಿರ ಓಡಿದೆ.

"ಅಕ್ಕ, ಒಪ್ಪಿಕೊಂಡುಬಿಡಿ. ಬಾಗಿಲು ತಾನೆ ನಿಮಗೆ ಬೇಕಾದ್ದು?"

"ನನ್ನ ಮರದ ಬಾಗಿಲು ಅವನ ಕೈಯಿಂದ ದಾನ ತಗೊಳ್ಳೋದಾ?"

"ದಾನ ಅಲ್ಲ. ಒಂದು ಮಾತು ಕೇಳ್ತೇನೆ, ಕೋಪ ಮಾಡ್ಬೇಡಿ. ಕೆಳಗಿನ ತೋಟ ರಿಡೀಮ್ಡಾ?"

"ಎಂತ ರಿಡೀಮ್ಡು? ಮಾವನ ಕಾಲದಿಂದ ನಾವೇ ಇರೋದು. ಕಂದಾಯ ನಂದು, ಗೊಬ್ಬರ ನಂದು, ಮರಗಸಿ ಮಾಡಿಸೋದು ನಾನು."

"ಕೊಂಬೆ ಕಡಿಸಿದ್ರೆ ಮರ ನಮ್ಮದಾಗೋದಿಲ್ಲ ಅಕ್ಕ. ಆ ದಿಮ್ಮಿ ನಿಮ್ಮ ಜಾಗದ್ದು ಅಂತ ಮೇಡಂ ರುಜುವಾತು ಮಾಡಿಬಿಟ್ರೆ ನೀವು ಕೆಟ್ರಿ. ಅವನ ಜಾಗದ್ದು ಅಂತ ಇದ್ರೇನೇ ನಿಮಗೆ ಬಾಗಿಲು."

ಅಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನೀನು ಅವನ ಹತ್ರ ಎಷ್ಟು ತಗೊಂಡಿದ್ದೀ?"

ಬುದ್ಧಿ ಹೇಳುವವರಿಗೆ ಇದು ನನ್ನ ಇನ್ನೊಂದು ಬುದ್ಧಿವಾದ: ಪುಕ್ಕಟೆ ಹೇಳಬೇಡಿ. ಪುಕ್ಕಟೆ ಕೊಟ್ಟ ಸಲಹೆಗೆ ಬೇರೆ ಯಾರೋ ದುಡ್ಡು ಕೊಟ್ಟಿದ್ದಾರೆ ಎಂದೇ ಜನ ತಿಳಿಯುತ್ತಾರೆ.

ಫಲಿತಾಂಶ ಬರುವಾಗ ಕಾಫಿ ಪಿಕ್ಕಿಂಗ್ ಮುಗಿಯುತ್ತಾ ಬಂದಿತ್ತು. ರೇಂಜರ್ ಸಾಹೇಬರ ಕೋಣೆಯಲ್ಲಿ ಮೇಡಂ ಒಂದು ಹಾಳೆ ಹರವಿದರು. ಯಂತ್ರ ಗೆರೆಯಲ್ಲಿ ಬರೆದ ಮೇಲೊಂದು ಸಾಲು ಗುಡ್ಡಗಳು, ಕೆಳಗೊಂದು ಸಾಲು ಗುಡ್ಡಗಳು. ಬೆರಳಿಟ್ಟು ತೋರಿಸಿದರು: ಇದು ದಿಮ್ಮಿ, ಇದು ಚಿಗುರು. ಇಲ್ಲಿ ಗುಡ್ಡ ಎದ್ದರೆ ಅಲ್ಲಿಯೂ ಎದ್ದಿದೆ. ಬೇಲಿಯ ಆಚೆಯ ಯಾವ ಮರದ ಗುಡ್ಡವೂ ಹೀಗೆ ಕೂರುವುದಿಲ್ಲ. ನನಗೆ ಪೂರ್ತಿ ಅರ್ಥವಾಗಲಿಲ್ಲ, ಆದರೆ ಮೇಡಂ ಮುಖ ನೋಡಿದರೆ ಕೆಲಸ ಶುದ್ಧವಾಗಿದೆ ಎಂದು ತಿಳಿಯುತ್ತಿತ್ತು. ನನ್ನ ಚೇಷ್ಟೆಯೆಲ್ಲ ಬೇರೆಯವರಿಗೆ. ಆ ಹುಡುಗಿ ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ.

ಅಕ್ಕ ಎದ್ದು ನಿಂತರು. "ಈಗ ಹೇಳ್ಲಿ. ಎಲ್ಲರ ಎದುರಿಗೆ ಹೇಳ್ಲಿ, ಯಾರ ಮರ ಅಂತ."

ಮಿಲ್ಲಿನವನು ಎರಡು ಕೈ ಜೋಡಿಸಿದ. ಅಷ್ಟು ಬೇಗ, ಅಷ್ಟು ಸಂತೋಷದಿಂದ ತಪ್ಪೊಪ್ಪಿಕೊಂಡವನನ್ನು ನಾನು ಬೇರೆ ಕಂಡಿಲ್ಲ. "ಅಕ್ಕನ ತೋಟದ್ದೇ ಸಾರ್. ಲೋಡಿಂಗ್‌ನವರು ಬೇಲಿ ಪಕ್ಕದ್ದು ಅಂತ ಸೇರಿಸಿ ಹಾಕಿದ್ದಾರೆ. ನಂಗೆ ಮೊದಲೇ ಡೌಟಿತ್ತು. ಅಕ್ಕನ ತೋಟದ್ದೇ, ಬರ್ಕೊಳ್ಳಿ ಸಾರ್."

ಆಗಲೂ ಅಕ್ಕನಿಗೆ ಹೊಳೆಯಲಿಲ್ಲ. ಗೆದ್ದ ಖುಷಿಯಲ್ಲಿ ಸೆರಗು ಸರಿಮಾಡಿಕೊಂಡು, "ಹಾಗಾದ್ರೆ ನಾಳೆ ಟ್ರ್ಯಾಕ್ಟರ್ ಕಳಿಸ್ಲಾ ಸಾರ್?" ಎಂದರು.

ಸಾಹೇಬರು ಅಕ್ಕನ ಜಮೀನಿನ ಜಮಾಬಂದಿ ಪ್ರತಿ ತಿರುಗಿಸಿ ನೋಡಿದರು. ಬಹಳ ವಿನಯದಿಂದ ಹೇಳಿದರು. "ಅಮ್ಮಾ, ನಿಮ್ಮ ಜಾಗ ಅನ್‌ರಿಡೀಮ್ಡ್. ಮರ ಸರ್ಕಾರದ್ದು. ದಿಮ್ಮಿ ಡಿಪೋಗೆ ಹೋಗ್ತದೆ."

ಅಕ್ಕ ಮತ್ತೆ ಕುರ್ಚಿಯಲ್ಲಿ ಕೂತರು.

"ಮತ್ತೆ ಇನ್ನೊಂದು," ಎಂದರು ಸಾಹೇಬರು, "ಸರ್ಕಾರಿ ಮರ ಕಳವಾಗಿದ್ದನ್ನ ತಿಳಿಸಲಿಲ್ಲ, ಬುಡಕ್ಕೆ ಬೆಂಕಿ ಹಾಕಿದ್ದೀರಿ. ಯಾಕೆ ಅಂತ ಒಂದು ವಿವರಣೆ ಬರೆದುಕೊಡಬೇಕಾಗ್ತದೆ."

"ವಿವರಣೆಯಾ? ನಾನಾ?" ಅಕ್ಕ ಮೇಡಂ ಕಡೆ ತಿರುಗಿದರು. "ನೀವು ಹೇಳಿ ಮೇಡಂ. ನಿಮ್ಮ ಮೆಷಿನ್ನಲ್ಲಿ ಅದೂ ಬರ್ತದಾ, ಮರ ಯಾರು ಸಾಕಿದ್ದು ಅಂತ?"

ಮೇಡಂ ಹಾಳೆ ಮಡಿಸತೊಡಗಿದರು. ಗುರುತಿನಲ್ಲಿ ಅಪ್ಪ ಬರುತ್ತಾನೆ, ಅಮ್ಮ ಬರುತ್ತಾಳೆ, ಸಾಕಿದವರು ಬರುವುದಿಲ್ಲ.

ಮಿಲ್ಲಿನವನ ಮೇಲೂ ಕೇಸು ಆಯಿತು, ಅನ್ಯಾಯ ಹೇಳಬಾರದು. ಸಾಗಾಟದ ತಪ್ಪು ಎಂದು ಸಣ್ಣದಾಗಿ ಮುಗಿಯಿತು. ಹೊರಗೆ ಬಂದಾಗ ಅವನು ಅಕ್ಕನಿಗೆ ಕೇಳಿಸುವ ಹಾಗೆ, "ಪಾಪ, ಬಾಗಿಲು ಮಾಡಿಸ್ಕೊಡ್ತೇನೆ ಅಂದೆ, ಕೇಳ್ಲಿಲ್ಲ" ಎಂದ. ಅಕ್ಕ ತಮ್ಮ ಮನೆಮಾತಾದ ಅರೆಭಾಷೆಯಲ್ಲಿ ಹೇಳಿದ್ದನ್ನು ಇಲ್ಲಿ ಬರೆಯಲು ಸಾಧ್ಯವಿಲ್ಲ. ಮೇಡಂಗೆ ಅರ್ಥವಾಗದಿದ್ದದ್ದು ಒಳ್ಳೆಯದೇ ಆಯಿತು.

ದಿಮ್ಮಿ ಸರ್ಕಾರಿ ಡಿಪೋದಲ್ಲಿ ಮೈಗೆ ಬಿಳಿ ಪೇಂಟಿನ ನಂಬರ್ ಬರೆಸಿಕೊಂಡು ಒಂದು ಮಳೆಗಾಲ ನೆನೆಯಿತು. ಆಮೇಲೆ ಹರಾಜು. ಮಿಲ್ಲಿನವನೂ ಕೂಗಿದ, ನಾನೂ ಕೂಗಿದೆ. ನನಗೇ ಆಯಿತು. ಮೂಗು ಮುರಿಯುವವರು ಮುರಿಯಲಿ. ನಾನು ಬಿಟ್ಟಿದ್ದರೆ ಅವನು ಒಯ್ಯುತ್ತಿದ್ದ.

ಅಕ್ಕನಿಗೆ ಹೇಳಿ ಕಳಿಸಿದೆ. ಬಂದು ದಿಮ್ಮಿಯ ಮೇಲೆಯೇ ಕೂತು ಟೀ ಕುಡಿದರು. ಗಂಟಿನ ಮೇಲೆ ಕೈಯಾಡಿಸಿದರು.

"ಹರಾಜಿನ ಅಸಲಿಗೇ ಕೊಡ್ತೇನೆ ಅಕ್ಕ," ಎಂದೆ. "ಕೊಯ್ಯೋ ಕೂಲಿ ಸಹ ಬೇಡ. ಇಂಥ ಮಾತು ನಾನು ನನ್ನ ತಮ್ಮನಿಗೂ ಹೇಳಿಲ್ಲ."

"ಗೊತ್ತುಂಟು. ನಿನ್ನ ತಮ್ಮ ಹೇಳಿದ್ದಾನೆ." ಲೋಟ ಕೆಳಗಿಟ್ಟರು. "ನನ್ನ ಮರಕ್ಕೆ ನಾನು ದುಡ್ಡು ಕೊಟ್ಟು, ಆ ಬಾಗಿಲು ದಿನಾ ತೆಗೆದು ಹಾಕಿ ಮಾಡ್ಬೇಕಾ? ಬೇಡ ಮಾರಾಯ. ಫ್ಲಶ್ ಡೋರೇ ಇರ್ಲಿ. ಬೇಜಾರಾದ್ರೆ ಒದ್ದು ತೆಗೀಬಹುದು."

ಚೌಕಾಸಿಯಲ್ಲಿ ನಾನು ಕಲಿತದ್ದೆಲ್ಲ ಎದುರಿನವರಿಗೆ ವಸ್ತು ಬೇಕು ಅನ್ನುವ ನಂಬಿಕೆಯ ಮೇಲೆ ನಿಂತದ್ದು. ಬೇಡ ಎಂದು ನಿಜವಾಗಿ ಎದ್ದುಹೋಗುವವರ ಮುಂದೆ ನನ್ನ ವಿದ್ಯೆ ನಡೆಯಲಿಲ್ಲ. ದಿಮ್ಮಿ ಸರಿಯಾದ ಪಾಸಿನೊಂದಿಗೆ, ಲೆಕ್ಕದಲ್ಲಿ ಒಂದೂ ಹೆಚ್ಚಿಲ್ಲದೆ, ಮಾಕುಟ್ಟ ದಾಟಿ ಕೇರಳಕ್ಕೆ ಹೋಯಿತು.

ಮುಂದಿನ ಬೇಸಿಗೆಯಲ್ಲಿ ಮೇಡಂ ಮತ್ತೆ ಬಂದರು. ಅವರ ವಿಧಾನಕ್ಕೆ ಹೆಸರು ಬಂದಿತ್ತು. ದಿಮ್ಮಿಗೆ ಊರು ಹುಡುಕಿಕೊಟ್ಟ ಆ ಚಿಗುರಿನಿಂದ ಬೇರು ತುಂಡು ಮಾಡಿ ಸಸಿ ಎಬ್ಬಿಸಬೇಕಂತೆ. ಅಷ್ಟು ನೆಟ್ಟಗಿನ ಮರದ ವಂಶ ಉಳಿಯಬೇಕು, ಇಡೀ ಜಿಲ್ಲೆಗೆ ಹಂಚಬೇಕು ಎಂದು ದಾರಿಯುದ್ದಕ್ಕೂ ಹೇಳಿದರು. ನನಗೆ ಏನೋ ಅನುಮಾನ. ಬಾಯಿ ಬಿಡಲಿಲ್ಲ, ಪುಕ್ಕಟೆ ಸಲಹೆ ಕೊಡುವುದನ್ನು ಬಿಟ್ಟಿದ್ದೆ.

ಅಕ್ಕ ಬಾಗಿಲಲ್ಲೇ ಎದುರುಗೊಂಡು ಕೆಳಗಿನ ತೋಟಕ್ಕೆ ಕರೆದೊಯ್ದರು. ಚಿಗುರು ಇದ್ದ ಜಾಗ ನುಣ್ಣಗಿತ್ತು. ಕಳೆ ತೆಗೆಸಿದ ಹೊಸ ಮಣ್ಣು. ಅಲ್ಲೇ ಸಾಲಾಗಿ ಸಿಲ್ವರ್ ಓಕ್ ಸಸಿಗಳು, ಒಂದೊಂದಕ್ಕೂ ಕೋಲು ಕಟ್ಟಿದೆ. ಅದು ನೆಟ್ಟವರದ್ದೇ ಮರ, ಸರ್ಕಾರ ಕೇಳುವುದಿಲ್ಲ.

"ಅಮ್ಮಾ, ಆ ಬೀಟೆ ಚಿಗುರು?"

"ಕಳೆ ಜೊತೆ ಹೋಯ್ತು ಮೇಡಂ."

"ಗೊತ್ತಿಲ್ದೆ ಕಡಿದುಬಿಟ್ರಾ?"

"ಗೊತ್ತಿದ್ದೇ. ನಾನೇ ನಿಂತು ಕಡಿಸಿದ್ದು. ಇಲ್ಲಿ ಸುತ್ತ ಯಾರ ತೋಟಕ್ಕೆ ಹೋದ್ರೂ ಇನ್ನು ಬೀಟೆ ಸಸಿ ಸಿಗೋದಿಲ್ಲ. ಆ ರೇಂಜರ್ ಆಫೀಸಿನ ಮಾತು ಎಲ್ಲರಿಗೂ ಮುಟ್ಟಿದೆ. ಬೆಳೆದ ಮೇಲೆ ಸರ್ಕಾರದ್ದಾಗೋದನ್ನ ಎಳೆಯದ್ರಲ್ಲೇ ಕಿತ್ರೆ ಯಾರೂ ವಿವರಣೆ ಕೇಳೋದಿಲ್ಲ."

ಮೇಡಂ ಕೈಯಲ್ಲಿ ಖಾಲಿ ಚೀಲ ಹಿಡಿದುಕೊಂಡು ನಿಂತರು. ಆ ಮುಖ ನೋಡಿ ನನಗೂ ಚೇಷ್ಟೆ ಬರಲಿಲ್ಲ. ಅಕ್ಕನಿಗೂ ಸ್ವಲ್ಪ ಕರುಣೆ ಬಂದಿರಬೇಕು. ಹತ್ತಿರದ ಸಿಲ್ವರ್ ಓಕಿನಿಂದ ಒಂದು ಎಲೆ ಕಿತ್ತು ಅವರ ಚೀಲಕ್ಕೆ ಹಾಕಿದರು.

"ಇದನ್ನ ತಗೊಂಡು ಹೋಗಿ. ಎಷ್ಟು ಬೇಕಾದ್ರೂ ಕೀಳಿ. ಇದರ ಅಪ್ಪ ಅಮ್ಮ ಯಾರಾದ್ರೂ ನಂಗೆ ಚಿಂತೆ ಇಲ್ಲ. ಕಡಿದ ದಿನ ನಂದು."